ಕಣ್ಣೆದುರಿನ ಅಕ್ಷರಗುಂಡು



ವೈದ್ಯರನ್ನು ಕರೆದು ಇತಿಹಾಸದ ಬಗ್ಗೆ ಉಪನ್ಯಾಸ ನೀಡಿರೆಂದು ಕೇಳಿದ ಕಾರ್ಯಕಾರಿ ಸಮಿತಿಯ ಧೈರ್ಯವನ್ನು ಮೆಚ್ಚಲೇಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರವನ್ನು ನಿರೀಕ್ಷಿಸಿ ಬಂದವರು ದಯವಿಟ್ಟು ಕ್ಷಮಿಸಬೇಕು. ಇಂದಿನ ವಿಷಯ ಕಲ್ಲುಗಳು. ಆದರೂ ಆರಂಭ ನಮ್ಮ ಕಸುಬಿನಿಂದಲೇ ಆಗಲಿ. ರೋಗಿಯನ್ನು ಪರೀಕ್ಷಿಸುವಾಗ ಮೊದಲು ನೋಡಬೇಕು, ಅನಂತರ ಮುಟ್ಟಬೇಕು, ಆಮೇಲೆ ತಟ್ಟಬೇಕು, ಕೊನೆಯಲ್ಲಿ ಸ್ಟೆತೊಸ್ಕೋಪ್ ಇಟ್ಟು ಆಲಿಸಬೇಕು ಎಂಬ ಕ್ರಮವನ್ನು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಕಲಿಸುತ್ತಾರೆ. ಈ ನಾಲ್ಕರಲ್ಲಿ ಅತಿ ಸುಲಭವೆಂದು ತೋರುವ ಮೊದಲನೆಯದೇ ಎಲ್ಲಕ್ಕಿಂತ ಕಠಿಣವಾದುದು. ಉಗುರಿನ ಬುಡ ಉಬ್ಬಿ, ಬೆರಳ ತುದಿ ದಪ್ಪವಾಗಿರುವುದು ಮನೆಯವರೆಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಅದು ಶ್ವಾಸಕೋಶದ ಅಥವಾ ಹೃದಯದ ರೋಗದ ಸೂಚನೆಯಾಗಿರಬಹುದೆಂದು ತಿಳಿದವರಿಗೆ ಮಾತ್ರ ಅದು ನಿಜವಾಗಿ ಕಾಣುತ್ತದೆ.

ಇತಿಹಾಸದಲ್ಲಿಯೂ ಹೀಗೆಯೇ ಎಂಬುದಕ್ಕೆ ನಮ್ಮ ಕರ್ನಾಟಕದ ಅಶೋಕನ ಶಾಸನಗಳಿಗಿಂತ ಉತ್ತಮವಾದ ಉದಾಹರಣೆ ನಮಗೆ ತಿಳಿದಿಲ್ಲ. ಶಾಲೆಯಲ್ಲಿ ಅಶೋಕನೆಂದರೆ ಪಾಟಲಿಪುತ್ರ, ಕಳಿಂಗ ಯುದ್ಧ, ಸಾರನಾಥದ ಸಿಂಹಗಳು ಎಂದಷ್ಟೇ ಓದಿದ ಪೀಳಿಗೆ ನಮ್ಮದು. ಆ ಚಕ್ರವರ್ತಿಯ ಮಾತುಗಳು ಚಿತ್ರದುರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಬಂಡೆಗಳ ಮೇಲೆ 2,200ಕ್ಕೂ ಹೆಚ್ಚು ವರ್ಷಗಳಿಂದ ಇದ್ದುವು. ದನ ಕಾಯುವವರು ಅವುಗಳ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದ್ದಾರೆ. ಆದರೆ ಆ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಶತಮಾನಗಳ ಕಾಲ ದೇಶದಲ್ಲಿಯೇ ಇರಲಿಲ್ಲ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿದಾಗಲೂ ಅವುಗಳ ಮೇಲಿನ ಬರಹವನ್ನು ಓದಿ ಹೇಳುವ ಪಂಡಿತರು ದೊರೆಯಲಿಲ್ಲ. ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗಂಟನ್ನು ಬಿಡಿಸಿದ್ದು 1837ರಲ್ಲಿ.

ಅದೇ 1837ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಪಾದ್ರಿಯ ಮನೆಯಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಒಂದು ಸೊಗಸಾದ ಕಾಕತಾಳೀಯ. ರೈಸರು ವೃತ್ತಿಯಿಂದ ಪುರಾತತ್ತ್ವಜ್ಞರಲ್ಲ, ವಿದ್ಯಾ ಇಲಾಖೆಯವರು. ಶಾಲೆಗಳ ತನಿಖೆಗಾಗಿ ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳನ್ನು ಸುತ್ತುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದುವು. ಅದೇ ದಾರಿಯಲ್ಲಿ ಅದೆಷ್ಟು ಮಂದಿ ಅಮಲ್ದಾರರು, ಶಾನುಭೋಗರು ಓಡಾಡಿದ್ದರೋ! ರೈಸರು ನಿಂತು ನೋಡಿದರು, ನಕಲು ಮಾಡಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಸೇರಿದ್ದು ಹೀಗೆ. ಇಂದು ಕದಂಬರ, ಗಂಗರ, ಹೊಯ್ಸಳರ ಬಗ್ಗೆ ನಾವು ಅಭಿಮಾನದಿಂದ ಆಡುವ ಮಾತುಗಳಲ್ಲಿ ಬಹುಪಾಲು ಆ ಸಂಪುಟಗಳಿಗೆ ಋಣಿ.

ರೈಸರು 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ‘ಕಂಡುಹಿಡಿದರು’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು. ಬ್ರಹ್ಮಗಿರಿಯ ಬಂಡೆಗೆ ಸುತ್ತಲಿನ ಜನ ‘ಅಕ್ಷರಗುಂಡು’ ಎಂದು ಹೆಸರಿಟ್ಟಿದ್ದರು. ಅಂದರೆ ಅಲ್ಲಿರುವುದು ಮಳೆಗಾಳಿಯ ಗೀರಲ್ಲ, ಅಕ್ಷರ ಎಂಬುದನ್ನು ಅವರು ಗಮನಿಸಿಯೇ ಇದ್ದರು. ವಿದ್ವಾಂಸರಿಗಿಂತ ಮೊದಲೇ ನಡೆದ ಈ ರೋಗನಿರ್ಣಯಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದು ನಮ್ಮ ಅಭಿಪ್ರಾಯ.

ಆ ಬಂಡೆಯ ಮೇಲೆ ಇರುವುದೇನು? ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ತಿಳಿಸಿದ ಆಜ್ಞೆ: ತಾಯಿತಂದೆಯರ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಆದರೆ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರಿನ ಜೊತೆಯ ‘ಲಿಪಿಕಾರನಿಂದ’ ಎಂಬರ್ಥದ ಪದವನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠೀ ಗಾಂಧಾರದ ಕಡೆಯ, ಅಂದರೆ ಇಂದಿನ ಪೆಷಾವರ–ತಕ್ಷಶಿಲೆಗಳ ಸೀಮೆಯ ಲಿಪಿ. ಈತ ಆ ಕಡೆಯಿಂದ ಬಂದವನೋ ಅಥವಾ ಅಲ್ಲಿ ಕೆಲಸ ಕಲಿತವನೋ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ತವರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಸುತ್ತಲಿನವರು ಯಾರೂ ಓದಲಾರದ ಅಕ್ಷರದಲ್ಲಿ ಆತ ಸಹಿ ಹಾಕಿದ. ಮಕ್ಕಳ ಹೆಸರನ್ನು ಕನ್ನಡದಲ್ಲಿ ಬರೆದು ಮನೆಯ ಬಾಗಿಲಿಗೆ ತೂಗುಹಾಕುವ ನಮಗೆ ಈ ಚಪಡನ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.

ಇನ್ನು ಮಸ್ಕಿಯ ಕಥೆ. ಪ್ರಿನ್ಸೆಪ್ಪನ ಕಾಲದಿಂದಲೂ ಒಂದು ತೊಡಕಿತ್ತು. ಶಾಸನಗಳಲ್ಲಿ ರಾಜನ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದೇ ಇತ್ತು. ಅವನೇ ಅಶೋಕನೆಂಬುದು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಮಾಡಿದ ಅನುಮಾನ. 1915ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಬೀಡನ್ ಎಂಬ ಗಣಿ ಎಂಜಿನಿಯರರು ಚಿನ್ನವನ್ನು ಅರಸುತ್ತ ಹೋಗಿ ಬಂಡೆಯ ಮೇಲಿನ ಬರಹವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದಾಗ ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು! ಮುಂದೆ ಆ ಹೆಸರುಳ್ಳ ಶಾಸನಗಳು ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, 1970ರ ದಶಕದಲ್ಲಿ ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಂಗಳಲ್ಲಿಯೂ ದೊರೆತುವು. ಆ ನಾಲ್ಕರಲ್ಲಿ ಮೂರು ಕನ್ನಡನಾಡಿನವು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳು ನಡುವೆ, 1931ರಲ್ಲಿ, ಬೆಳಕಿಗೆ ಬಂದಿದ್ದುವು.

ಎಲ್ಲಕ್ಕಿಂತ ವಿಸ್ಮಯಕರವಾದುದು ಕಲಬುರಗಿ ಜಿಲ್ಲೆಯ ಸನ್ನತಿ. ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಒಂದು ಕಾಳಿಯ ಗುಡಿ. 1980ರ ದಶಕದಲ್ಲಿ ಅದರ ಛಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಎರಡೂ ಮುಖಗಳಲ್ಲಿ ಅಶೋಕನ ಶಾಸನ! ಮೂರ್ತಿಯನ್ನು ನಿಲ್ಲಿಸಲು ನಡುವೆ ಕೊರೆದ ಚೌಕ ತೂತಿನಲ್ಲಿ ಎಷ್ಟೋ ಅಕ್ಷರಗಳು ಹೋಗಿಬಿಟ್ಟಿವೆ. ಉಳಿದ ಭಾಗದಲ್ಲಿ 12ನೆಯ ಶಿಲಾಶಾಸನವಿದೆ. ತನ್ನ ಮತವನ್ನು ಹೊಗಳಲೆಂದು ಅನ್ಯರ ಮತವನ್ನು ಹಳಿಯಬಾರದೆಂದು ಹೇಳುವ ಶಾಸನ ಅದು. ಭಕ್ತರು ತಲೆತಲಾಂತರದಿಂದ ಅದರ ಮುಂದೆಯೇ ಕೈಮುಗಿದಿದ್ದರು. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಉತ್ಖನನ ನಡೆಸಿದಾಗ ಒಂದು ಮಹಾಸ್ತೂಪವೇ ಹೊರಬಂದಿತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಪರಿಚಾರಿಕೆಯರ ಶಿಲ್ಪ. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು.

ಇದು ನಮ್ಮವರದೊಂದೇ ಅಲಕ್ಷ್ಯವೆಂದು ತಿಳಿಯುವುದು ಬೇಡ. ನಾವು ನೆಲೆಸಿರುವ ಈ ಅಮೆರಿಕೆಯಲ್ಲಿಯೇ, ಸೇಂಟ್ ಲೂಯಿಸ್ ನಗರದಲ್ಲಿ ಮೂಲನಿವಾಸಿಗಳು ಕಟ್ಟಿದ್ದ ದೊಡ್ಡ ಮಣ್ಣುದಿಬ್ಬವನ್ನು 1869ರ ವೇಳೆಗೆ ಅಗೆದು ಮುಗಿಸಿ, ಅದರ ಮಣ್ಣನ್ನು ರೈಲುದಾರಿಗೆ ತುಂಬಿದರು. ನದಿಯ ಆಚೆ ದಡದ ಕಹೋಕಿಯಾದ 30 ಮೀಟರ್ ಎತ್ತರದ ದಿಬ್ಬ ಉಳಿದಿದೆ. ಹೆದ್ದಾರಿಯಲ್ಲಿ ಹೋಗುವ ನಮ್ಮಲ್ಲಿ ಎಷ್ಟು ಮಂದಿ ಕಾರು ನಿಲ್ಲಿಸಿದ್ದೇವೆ?

ಬೆಂಗಳೂರಿನಲ್ಲಿ ಕಲ್ಲುಗಳ ಗತಿ ಇಂದು ಆ ದಿಬ್ಬದ ಗತಿಯೇ ಆಗುವಂತಿದೆ. ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ, ಸುಮಾರು 890ರ ಬೇಗೂರಿನ ವೀರಗಲ್ಲು ಬಹುಕಾಲ ಹೇಳಕೇಳುವವರಿಲ್ಲದೆ ಬಿದ್ದಿತ್ತು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಯ ಅಗೆತದಲ್ಲಿ ಸಿಕ್ಕ, ಸುಮಾರು 750ರ ಕಿತ್ತಯ್ಯನ ವೀರಗಲ್ಲು ನಾಗರಿಕರ ಶ್ರಮದಿಂದ ಉಳಿಯಿತು. ಮಿಥಿಕ್ ಸೊಸೈಟಿಯವರು 2021ರಿಂದ ಆ ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸಲು ತೊಡಗಿದ್ದಾರೆ. ರೈಸರು ನಕಲು ಮಾಡಿಸಿದ ಕಲ್ಲುಗಳಲ್ಲಿ ಹಲವು ಈಗ ಆ ಸ್ಥಳದಲ್ಲಿ ಇಲ್ಲ. ಪುಸ್ತಕದಲ್ಲಿ ಮಾತ್ರ ಇವೆ.

ಆದ್ದರಿಂದ ಈ ಬಾರಿ ರಜೆಗೆ ಊರಿಗೆ ಹೋಗುವವರಲ್ಲಿ ಒಂದು ವಿನಂತಿ. ಅಜ್ಜಿಯ ಊರಿನ ಗುಡಿಯ ಮುಂದೆ ನೆಟ್ಟ ಕಲ್ಲು, ಬಟ್ಟೆ ಒಗೆಯುವ ಚಪ್ಪಡಿ, ಸುಣ್ಣ ಬಳಿದ ವೀರಗಲ್ಲು ಕಂಡರೆ ಮಕ್ಕಳೊಡನೆ ಹತ್ತು ನಿಮಿಷ ನಿಂತು ನೋಡಿ, ಚಿತ್ರ ತೆಗೆದುಕೊಳ್ಳಿ. ಅರಿಸಿನ, ಎಣ್ಣೆ, ಬಣ್ಣ ಯಾವುದನ್ನೂ ಹಚ್ಚಬೇಡಿ. ನಡುಹಗಲಿನ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕದಿಂದ ನೋಡಬೇಕು.