ಧವನ್, ಸತೀಶ್ (1920–2002)

ಭಾರತದ ವೈಮಾಂತರಿಕ್ಷ ವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು (1962–81), ಇಸ್ರೋ ಅಧ್ಯಕ್ಷರು (1972–84). ತಂಡ ಕಟ್ಟಿ ಬೆಳೆಸಿದ ಬಗೆಗೂ ಇವರು ಸ್ಮರಣೀಯರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಕುಗ್ಗಿಹೋಗಿದ್ದರು. ಧವನ್ ತಾವೇ ಪತ್ರಕರ್ತರೆದುರು ಕುಳಿತು ಸೋಲನ್ನು ಮುಚ್ಚಿಡದೆ ಹೇಳಿದರು, ಟೀಕೆಯನ್ನು ತಮ್ಮ ಮೇಲೆಳೆದುಕೊಂಡು ತಂಡದ ಬೆನ್ನಿಗೆ ನಿಂತರು. 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿ ನಡೆಸಲು ಕಲಾಂ ಅವರನ್ನೇ ಮುಂದೆ ಕಳಿಸಿದರು. ಇವರ ದೊಡ್ಡತನ ಹೆಚ್ಚು ಕಾಣುವುದು ಈ ಎರಡನೆಯ ನಡೆಯಲ್ಲಿ. ಕಲಾಂ ಈ ಪ್ರಸಂಗವನ್ನು ಮುಂದೆ ಅನೇಕ ಭಾಷಣಗಳಲ್ಲಿ ನೆನೆದರು. ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ 2002ರಲ್ಲಿ ಧವನ್ ಅವರ ಹೆಸರಿಡಲಾಯಿತು.