ಆಮದು ಪೈಪೋಟಿಯಿಂದ ಉದ್ಯೋಗ ಕಳೆದುಕೊಂಡ ಕಾರ್ಖಾನೆ ಕಾರ್ಮಿಕರಿಗೆ ದೊರೆಯುವ ಸೌಲಭ್ಯಗಳು

1. ಪ್ರಸ್ತಾವನೆ

ಹೊರದೇಶಗಳಿಂದ ಕಡಿಮೆ ಬೆಲೆಯ ಸರಕು ಆಮದಾದಾಗ ದೇಶೀಯ ಕಾರ್ಖಾನೆಗಳ ಉತ್ಪನ್ನಗಳಿಗೆ ಬೇಡಿಕೆ ಕುಸಿದು, ಕಾರ್ಮಿಕರು ಉದ್ಯೋಗ ಕಳೆದುಕೊಳ್ಳುವ ಸಂದರ್ಭಗಳಿರುತ್ತವೆ. ಕರ್ನಾಟಕದ ರೇಷ್ಮೆ ಉದ್ಯಮವು ಇದಕ್ಕೆ ನಿದರ್ಶನ. 2011-12ನೇ ಸಾಲಿನ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. 2013-14ನೇ ಸಾಲಿನಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ರಾಮನಗರ, ಶಿಡ್ಲಘಟ್ಟ ಮುಂತಾದೆಡೆಗಳ ನೂಲು ಬಿಚ್ಚಾಣಿಕೆ ಘಟಕಗಳು ಮತ್ತು ಅಲ್ಲಿನ ಕೆಲಸಗಾರರು ಇಂತಹ ಏರಿಳಿತಗಳಿಗೆ ನೇರವಾಗಿ ಒಳಗಾಗುತ್ತಾರೆ.

2. ಪ್ರತ್ಯೇಕ ಯೋಜನೆ ಇದೆಯೇ?

ಆಮದಿನ ಕಾರಣಕ್ಕೆಂದೇ ಉದ್ಯೋಗ ಕಳೆದುಕೊಂಡವರಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1962ರ ಕಾಯ್ದೆಯ ಮೂಲಕ ಪ್ರತ್ಯೇಕ ನೆರವಿನ ಯೋಜನೆಯೊಂದನ್ನು ಆರಂಭಿಸಲಾಗಿತ್ತು. ಉದ್ಯೋಗ ನಷ್ಟಕ್ಕೆ ವಿದೇಶಿ ವ್ಯಾಪಾರವೇ ಕಾರಣವೆಂದು ಅಲ್ಲಿನ ಕಾರ್ಮಿಕ ಇಲಾಖೆಯು ಪ್ರಮಾಣೀಕರಿಸಿದ ನಂತರವೇ ನೆರವು ದೊರೆಯುತ್ತಿತ್ತು. 2022ರ ಜುಲೈ 1ರಿಂದ ಆ ಯೋಜನೆಯಡಿ ಹೊಸ ಪ್ರಮಾಣೀಕರಣ ಸ್ಥಗಿತಗೊಂಡಿತು.

ಭಾರತದಲ್ಲಿ ಕಾರ್ಮಿಕರ ಹಕ್ಕುಗಳನ್ನು ಈ ರೀತಿ ಕಾರಣಕ್ಕೆ ಕಟ್ಟಿಹಾಕಿಲ್ಲ. ಉದ್ಯೋಗ ಕಡಿತ ಅಥವಾ ಕಾರ್ಖಾನೆ ಮುಚ್ಚುವಿಕೆ ಯಾವ ಕಾರಣದಿಂದಾದರೂ ಸಾಮಾನ್ಯವಾಗಿ ಒಂದೇ ಬಗೆಯ ಪರಿಹಾರ ಸಲ್ಲುತ್ತದೆ. ಆದುದರಿಂದ ಆಮದಿನಿಂದಲೇ ನಷ್ಟವಾಯಿತೆಂದು ಕಾರ್ಮಿಕರು ಸಾಬೀತುಪಡಿಸಬೇಕಾಗಿಲ್ಲ. ಆಮದಾದ ಅಗ್ಗದ ಸರಕಿನ ಮೇಲೆ ವಿಧಿಸುವ ಡಂಪಿಂಗ್ ವಿರೋಧಿ ಸುಂಕವು ಉದ್ಯಮಕ್ಕೆ ನೀಡುವ ರಕ್ಷಣೆ. ತನಿಖೆಯಲ್ಲಿ ಉದ್ಯೋಗ ಮತ್ತು ವೇತನದ ಮೇಲಿನ ಪರಿಣಾಮವನ್ನೂ ಪರಿಶೀಲಿಸಲಾಗುತ್ತದೆಯಾದರೂ, ಈ ಸುಂಕದಿಂದ ಕಾರ್ಮಿಕರಿಗೆ ನೇರವಾಗಿ ಹಣ ಸಂದಾಯವಾಗುವುದಿಲ್ಲ.

3. ಅನ್ವಯವಾಗುವ ಕಾನೂನು

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. ಅದಕ್ಕೆ ಹಿಂದಿನ ಪ್ರಕರಣಗಳಿಗೆ ಕೈಗಾರಿಕಾ ವಿವಾದಗಳ ಕಾಯ್ದೆ, 1947 ಅನ್ವಯಿಸುತ್ತದೆ. ವ್ಯವಸ್ಥಾಪಕ ಹುದ್ದೆಯಲ್ಲಿರುವವರು ಹಾಗೂ ಮಾಸಿಕ ರೂ. 18,000ಕ್ಕಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಸಂಹಿತೆಯ ಪ್ರಕಾರ ಕಾರ್ಮಿಕರೆನಿಸುವುದಿಲ್ಲ.

4. ಉದ್ಯೋಗ ಕಡಿತವಾದಾಗ ದೊರೆಯುವ ಹಕ್ಕುಗಳು

ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕರು ಅರ್ಹರು. ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದಲ್ಲಿ ಒಂದು ವರ್ಷದ ನಿರಂತರ ಸೇವೆಯೆಂದು ಪರಿಗಣಿಸಲಾಗುತ್ತದೆ.

(ಅ) ಕಾರಣ ತಿಳಿಸಿ ಕನಿಷ್ಠ ಒಂದು ತಿಂಗಳ ಲಿಖಿತ ನೋಟಿಸು, ಅಥವಾ ಅದರ ಬದಲಿಗೆ ನೋಟಿಸು ಅವಧಿಯ ವೇತನ.
(ಆ) ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ. ಆರು ತಿಂಗಳು ಮೀರಿದ ಭಾಗವನ್ನು ಒಂದು ವರ್ಷವೆಂದು ಎಣಿಸಲಾಗುತ್ತದೆ.
(ಇ) ಮರುಕೌಶಲ್ಯ ನಿಧಿಯಿಂದ 15 ದಿನಗಳ ವೇತನ. ಇದನ್ನು ಉದ್ಯೋಗ ಕಡಿತವಾದ 45 ದಿನಗಳೊಳಗೆ ಕಾರ್ಮಿಕರ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು.
(ಈ) ಐದು ವರ್ಷ ನಿರಂತರ ಸೇವೆ ಪೂರೈಸಿದ್ದಲ್ಲಿ ಉಪದಾನ, ಅಂದರೆ ಗ್ರಾಚ್ಯುಟಿ. ಇದು ಬಾಕಿಯಾದ 30 ದಿನಗಳೊಳಗೆ ಪಾವತಿಯಾಗತಕ್ಕದ್ದು.
(ಉ) ಒಂದು ವರ್ಷದೊಳಗೆ ಅದೇ ಮಾಲೀಕರು ಹೊಸಬರನ್ನು ನೇಮಿಸಿಕೊಳ್ಳುವುದಾದರೆ ಕೆಲಸ ಕಳೆದುಕೊಂಡವರಿಗೆ ಆದ್ಯತೆ.

ನಿದರ್ಶನ: ಮಾಸಿಕ ರೂ. 15,000 ವೇತನ ಪಡೆಯುತ್ತಿದ್ದ, 8 ವರ್ಷ 7 ತಿಂಗಳು ಸೇವೆ ಸಲ್ಲಿಸಿದ ಕಾರ್ಮಿಕರ ಸೇವೆಯನ್ನು 9 ವರ್ಷವೆಂದು ಎಣಿಸಲಾಗುತ್ತದೆ. ಪರಿಹಾರ ರೂ. 67,500, ಮರುಕೌಶಲ್ಯ ನಿಧಿಯಿಂದ ರೂ. 7,500, ಉಪದಾನ ಸುಮಾರು ರೂ. 77,885. ನೋಟಿಸು ನೀಡದಿದ್ದಲ್ಲಿ ಇದರ ಜೊತೆಗೆ ರೂ. 15,000 ಸಲ್ಲುತ್ತದೆ. ಉಪದಾನವನ್ನು ತಿಂಗಳಿಗೆ 26 ದಿನಗಳಂತೆ ಲೆಕ್ಕ ಹಾಕುವುದರಿಂದ ಅದರ ಮೊತ್ತವು ಪರಿಹಾರಕ್ಕಿಂತ ಹೆಚ್ಚಾಗಿರುತ್ತದೆ.

5. ಕಾರ್ಖಾನೆಯನ್ನೇ ಮುಚ್ಚಿದಾಗ

50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚುವ ಮುನ್ನ ಮಾಲೀಕರು ಸರ್ಕಾರಕ್ಕೆ 60 ದಿನಗಳ ನೋಟಿಸು ನೀಡತಕ್ಕದ್ದು. 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಸರ್ಕಾರದ ಪೂರ್ವಾನುಮತಿ ಅಗತ್ಯ. ಅನುಮತಿ ಇಲ್ಲದೆ ಮುಚ್ಚಿದಲ್ಲಿ ಅದು ಕಾನೂನುಬಾಹಿರವಾಗಿದ್ದು, ಕಾರ್ಖಾನೆ ಮುಚ್ಚಿಯೇ ಇಲ್ಲವೆಂಬಂತೆ ಕಾರ್ಮಿಕರಿಗೆ ಎಲ್ಲ ಸೌಲಭ್ಯಗಳು ಸಲ್ಲುತ್ತವೆ.

ಮುಚ್ಚುವಿಕೆಯ ಪರಿಹಾರವು ಉದ್ಯೋಗ ಕಡಿತದ ಪರಿಹಾರದ ದರದಲ್ಲಿಯೇ ಇರುತ್ತದೆ. ಮಾಲೀಕರ ಹತೋಟಿ ಮೀರಿದ, ತಪ್ಪಿಸಲಾಗದ ಸಂದರ್ಭಗಳಿಂದ ಮುಚ್ಚಿದಾಗ ಮಾತ್ರ, ಪೂರ್ವಾನುಮತಿ ಅಗತ್ಯವಿಲ್ಲದ ಘಟಕಗಳಲ್ಲಿ, ಅದನ್ನು ಮೂರು ತಿಂಗಳ ಸರಾಸರಿ ವೇತನಕ್ಕೆ ಮಿತಿಗೊಳಿಸಲು ಅವಕಾಶವಿದೆ. ಆದರೆ ಹಣಕಾಸಿನ ತೊಂದರೆ ಅಥವಾ ನಷ್ಟ ಮತ್ತು ಮಾರಾಟವಾಗದೆ ಉಳಿದ ದಾಸ್ತಾನು, ಇವೆರಡೂ ಅಂತಹ ಸಂದರ್ಭಗಳಲ್ಲವೆಂದು ಕಾನೂನಿನಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಆದ್ದರಿಂದ ಆಮದು ಸರಕಿನಿಂದ ನಷ್ಟವಾಯಿತು, ಗೋದಾಮಿನಲ್ಲಿ ಮಾಲು ಉಳಿಯಿತು ಎಂಬುದಷ್ಟನ್ನೇ ತಿಳಿಸಿ ಪರಿಹಾರವನ್ನು ಕಡಿಮೆ ಮಾಡಲು ಬರುವುದಿಲ್ಲ.

6. ಇ.ಎಸ್.ಐ. ನಿರುದ್ಯೋಗ ಭತ್ಯೆ

ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯು 2005ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕಾರ್ಖಾನೆ ಮುಚ್ಚುವಿಕೆ ಅಥವಾ ಉದ್ಯೋಗ ಕಡಿತದಿಂದ ಕೆಲಸ ಕಳೆದುಕೊಂಡ ವಿಮಾದಾರರಿಗೆ ಇದು ಅನ್ವಯಿಸುತ್ತದೆ. ಇದಕ್ಕೆ ನಿಗದಿತ ಕನಿಷ್ಠ ಅವಧಿಗೆ ವಂತಿಗೆ ಸಂದಾಯವಾಗಿರಬೇಕು. 2016ರಲ್ಲಿ ಭತ್ಯೆಯ ಅವಧಿಯನ್ನು 24 ತಿಂಗಳಿಗೆ ವಿಸ್ತರಿಸಲಾಯಿತು: ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಶೇ. 50 ಮತ್ತು ನಂತರದ 12 ತಿಂಗಳು ಶೇ. 25. ಭತ್ಯೆ ಪಡೆಯುವ ಅವಧಿಯಲ್ಲಿ ಕುಟುಂಬಕ್ಕೆ ಇ.ಎಸ್.ಐ. ವೈದ್ಯಕೀಯ ಸೌಲಭ್ಯವೂ ಮುಂದುವರಿಯುತ್ತದೆ.

7. ಮುಖ್ಯ ಸೂಚನೆ: ರಾಜೀನಾಮೆ ಪತ್ರ

ಮೇಲಿನ ಪರಿಹಾರ ಮತ್ತು ಭತ್ಯೆಗಳು ಉದ್ಯೋಗ ಕಡಿತ ಅಥವಾ ಮುಚ್ಚುವಿಕೆಗೆ ಸಂಬಂಧಿಸಿದವು. ಸ್ವಇಚ್ಛೆಯಿಂದ ರಾಜೀನಾಮೆ ನೀಡಿದವರಿಗೆ ಅಥವಾ ಸ್ವಯಂ ನಿವೃತ್ತಿ ಪಡೆದವರಿಗೆ ಇವು ಸಲ್ಲುವುದಿಲ್ಲ. ಲೆಕ್ಕ ಚುಕ್ತಾ ಮಾಡುವ ದಿನ ನೀಡಲಾಗುವ ಕಾಗದಗಳನ್ನು ಓದಿ, ಅಥವಾ ಓದಿಸಿ ಕೇಳಿ, ಅದರಲ್ಲಿ ಸ್ವಇಚ್ಛೆಯ ರಾಜೀನಾಮೆಯೆಂದು ಬರೆದಿಲ್ಲವೆಂಬುದನ್ನು ಖಚಿತಪಡಿಸಿಕೊಂಡ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವುದು ಸೂಕ್ತ. ಹಲವು ವರ್ಷಗಳ ದುಡಿಮೆಯ ಪರಿಹಾರವು ಆ ಒಂದು ಸಾಲನ್ನು ಅವಲಂಬಿಸಿರುತ್ತದೆ.

8. ಇಟ್ಟುಕೊಳ್ಳಬೇಕಾದ ದಾಖಲೆಗಳು

(ಅ) ನೇಮಕಾತಿ ಆದೇಶ, ಗುರುತಿನ ಚೀಟಿ
(ಆ) ವೇತನ ಚೀಟಿಗಳು, ಬ್ಯಾಂಕ್ ಪಾಸ್ ಪುಸ್ತಕ
(ಇ) ಉದ್ಯೋಗ ಕಡಿತ ಅಥವಾ ಮುಚ್ಚುವಿಕೆಯ ನೋಟಿಸಿನ ಪ್ರತಿ
(ಈ) ಇ.ಎಸ್.ಐ. ವಿಮಾ ಸಂಖ್ಯೆ, ಭವಿಷ್ಯ ನಿಧಿಯ ಯು.ಎ.ಎನ್. ಸಂಖ್ಯೆ

ನೇಮಕಾತಿ ಆದೇಶವಿಲ್ಲದವರು ಭವಿಷ್ಯ ನಿಧಿ ಮತ್ತು ಇ.ಎಸ್.ಐ. ವಂತಿಗೆಯ ವಿವರಗಳನ್ನು ಸೇವೆಯ ಪುರಾವೆಯಾಗಿ ಹಾಜರುಪಡಿಸಬಹುದು.

9. ಎಲ್ಲಿ ಅರ್ಜಿ ಸಲ್ಲಿಸಬೇಕು?

ಪರಿಹಾರ ಪಾವತಿಯಾಗದಿದ್ದಲ್ಲಿ ಅಥವಾ ಉದ್ಯೋಗ ಕಡಿತವೇ ಅಕ್ರಮವೆನಿಸಿದಲ್ಲಿ, ಆಯಾ ಪ್ರದೇಶದ ಕಾರ್ಮಿಕ ಅಧಿಕಾರಿ ಅಥವಾ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಕಾರ್ಮಿಕ ಸಂಘವಿಲ್ಲದಿದ್ದರೂ ಒಬ್ಬ ಕಾರ್ಮಿಕರೇ ಉದ್ಯೋಗ ಕಡಿತದ ವಿವಾದವನ್ನು ಎತ್ತಬಹುದು. ರಾಜಿ ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಿ 45 ದಿನಗಳಾದರೂ ಇತ್ಯರ್ಥವಾಗದಿದ್ದಲ್ಲಿ ನೇರವಾಗಿ ಕೈಗಾರಿಕಾ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಸಂಹಿತೆಯ ಪ್ರಕಾರ ಇದಕ್ಕೆ ಉದ್ಯೋಗ ಕಡಿತದ ದಿನದಿಂದ ಎರಡು ವರ್ಷಗಳ ಕಾಲಮಿತಿ ಇದೆ. ನಿರುದ್ಯೋಗ ಭತ್ಯೆಗಾಗಿ ಇ.ಎಸ್.ಐ. ಶಾಖಾ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

ಕಾರ್ಖಾನೆ ಮತ್ತೆ ತೆರೆಯಬಹುದೆಂಬ ಮಾತಿನ ಮೇಲೆ ಕಾಯುತ್ತಾ ಕುಳಿತರೆ ಕಾಲಮಿತಿ ಮೀರುವ ಸಂಭವವಿರುತ್ತದೆ. ಅರ್ಜಿ ಸಲ್ಲಿಸುವುದರಿಂದ ಮರುನೇಮಕದ ಹಕ್ಕಿಗೆ ಯಾವುದೇ ಬಾಧಕವಿಲ್ಲ. ಆದ್ದರಿಂದ ಕೆಲಸ ನಿಂತ ಕೂಡಲೇ ದಾಖಲೆಗಳೊಂದಿಗೆ ಸಂಬಂಧಿಸಿದ ಕಚೇರಿಯನ್ನು ಸಂಪರ್ಕಿಸುವುದು ಸೂಕ್ತ.