ದೊರೆಯದ ಪತ್ರ: ಇಮೇಲ್ ಪದಸೂಚಿಯ ಇತಿಹಾಸವೂ ಅದರ ಜೀರ್ಣೋದ್ಧಾರವೂ

ಇತಿಹಾಸದ ಆಕರಗಳಲ್ಲಿ ಪತ್ರವ್ಯವಹಾರಕ್ಕೆ ಇರುವ ಸ್ಥಾನವನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ. ಹಿಂದೆ ವಿದ್ವಾಂಸರ ಕಾಗದಗಳು ಪೆಟ್ಟಿಗೆಗಳಲ್ಲಿ ದೊರೆಯುತ್ತಿದ್ದುವು. ಇಂದು ಅವು ಇಮೇಲ್ ತಂತ್ರಾಂಶದ ಕಡತಗಳಲ್ಲಿ ಉಳಿದಿವೆ. ಇಪ್ಪತ್ತು ವರ್ಷಗಳ ಪತ್ರಗಳನ್ನು ಒಂದೊಂದಾಗಿ ತೆರೆದು ಓದುವುದು ಕಷ್ಟಸಾಧ್ಯವಾದುದರಿಂದ ಸಂಶೋಧಕನು ಒಂದು ಹೆಸರನ್ನೋ ಪದವನ್ನೋ ಹುಡುಕುಪಟ್ಟಿಯಲ್ಲಿ ಬರೆದು ಉತ್ತರವನ್ನು ನಿರೀಕ್ಷಿಸುತ್ತಾನೆ. ಎಷ್ಟೋ ವೇಳೆ ಯಾವ ಫಲಿತಾಂಶವೂ ಇಲ್ಲವೆಂಬ ಉತ್ತರ ಬರುತ್ತದೆ. ಇಲ್ಲಿ ಒಂದು ಅಪಾಯವುಂಟು. ಶಾಸನ ದೊರೆಯದ ಮಾತ್ರಕ್ಕೆ ಆ ಊರು ಆಗ ಇರಲೇ ಇಲ್ಲವೆಂದು ಯಾವ ವಿವೇಕಿಯೂ ಹೇಳುವುದಿಲ್ಲ. ಆದರೆ ಯಂತ್ರವು ಇಲ್ಲವೆಂದಾಗ ಪತ್ರವೇ ಇರಲಿಲ್ಲವೆಂದು ನಂಬಿಬಿಡುವುದು ಸುಲಭ. ಈ ಉತ್ತರವು ಹೇಗೆ ಹುಟ್ಟುತ್ತದೆ, ಅದು ತಪ್ಪಾಗಿದ್ದಾಗ ಸರಿಪಡಿಸುವ ಕ್ರಮವಾವುದು ಎಂಬುದನ್ನು ಐತಿಹಾಸಿಕವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಗ್ರಂಥದಲ್ಲಿ ಒಂದು ಪದವನ್ನು ಕಂಡುಹಿಡಿಯಲು ಎರಡು ಮಾರ್ಗಗಳಿವೆ. ಮೊದಲಿಂದ ಕೊನೆಯವರೆಗೆ ಓದುವುದು ಒಂದು. ಮೊದಲೇ ಸಿದ್ಧಪಡಿಸಿದ ಪದಸೂಚಿಯನ್ನು ನೋಡುವುದು ಇನ್ನೊಂದು. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಸಂನ್ಯಾಸಿಗಳು ಸಂತ ಶೇರ್‌ನ ಹ್ಯೂ ಎಂಬವನ ನೇತೃತ್ವದಲ್ಲಿ ಲ್ಯಾಟಿನ್ ಬೈಬಲಿಗೆ ಪದಾನುಕ್ರಮಣಿಕೆಯನ್ನು ರಚಿಸಿದುದು ಎರಡನೆಯ ಮಾರ್ಗದ ಪ್ರಸಿದ್ಧ ನಿದರ್ಶನ. ಸೂಚಿಯು ಮೂಲವಲ್ಲ, ಮೂಲದಿಂದ ಹುಟ್ಟಿದ ಬೇರೊಂದು ಗ್ರಂಥ. ಮೂಲದಲ್ಲಿರುವ ಪುಟ ಸೂಚಿಯಲ್ಲಿ ಬಿಟ್ಟುಹೋಗಿರಬಹುದು. ಸೂಚಿ ಸುಟ್ಟುಹೋದರೂ ಮೂಲಕ್ಕೆ ಕೊರತೆಯಿಲ್ಲ. ಮುಂದಿನ ವಿಷಯವೆಲ್ಲ ಈ ಭೇದವನ್ನು ಆಶ್ರಯಿಸಿದೆ.

ಬೇರೆ ಬೇರೆ ಗಣಕಗಳ ನಡುವೆ ಪತ್ರ ಕಳುಹಿಸುವ ಪದ್ಧತಿಯನ್ನು 1971ರಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ರೇ ಟಾಮ್‌ಲಿನ್ಸನ್ ಆರಂಭಿಸಿದನು. ಯುನಿಕ್ಸ್ ಗಣಕಗಳಲ್ಲಿ ಒಬ್ಬನ ಪತ್ರಗಳೆಲ್ಲ ಒಂದರ ಕೆಳಗೊಂದು ಸೇರಿ ಒಂದೇ ಕಡತವಾಗುತ್ತಿದ್ದುವು. ಅದರಲ್ಲಿ ಹುಡುಕಲು ಕೆನ್ ಥಾಂಪ್ಸನ್ ರಚಿಸಿದ, 1973ರಲ್ಲಿ ಪ್ರಚಾರಕ್ಕೆ ಬಂದ ಗ್ರೆಪ್ ಎಂಬ ಸಾಧನ ಸಾಕಾಗಿತ್ತು. ಅದು ಸೂಚಿಯನ್ನು ಬಯಸದೆ ಕಡತವನ್ನೇ ಸಾಲುಸಾಲಾಗಿ ಓದುತ್ತಿದ್ದಿತು. ನಿಧಾನವಾದರೂ ಕಂಡದ್ದನ್ನು ಕಂಡಂತೆ ಹೇಳುತ್ತಿದ್ದಿತು. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟೀವ್ ಡಾರ್ನರ್ ಯೂಡೋರಾ ತಂತ್ರಾಂಶವನ್ನು ರಚಿಸಿದ ಮೇಲೆ ಮೇಜಿನ ಗಣಕದಲ್ಲಿಯೇ ಪತ್ರಗಳನ್ನು ಇಟ್ಟುಕೊಳ್ಳುವ ರೂಢಿ ಬೆಳೆಯಿತು.

1992ರಲ್ಲಿ ಮೈಮ್ ಎಂಬ ನಿಯಮಾವಳಿ ಪ್ರಕಟವಾಯಿತು. ಇಂಗ್ಲಿಷಲ್ಲದ ಲಿಪಿಗಳನ್ನೂ ಚಿತ್ರಗಳನ್ನೂ ಪತ್ರದಲ್ಲಿ ಕಳುಹಿಸಲು ಇದರಿಂದ ಸಾಧ್ಯವಾಯಿತು. ಆದರೆ ಅಂಥ ಬರವಣಿಗೆ ಹಲವು ವೇಳೆ ಬೇಸ್-64 ಎಂಬ ಸಂಕೇತರೂಪವನ್ನು ತಾಳಿ ಕಡತದಲ್ಲಿ ಕುಳಿತುಕೊಳ್ಳುತ್ತದೆ. ಆದುದರಿಂದ ಕಡತವನ್ನು ನೇರವಾಗಿ ಓದುವ ಹಳೆಯ ಸಾಧನಕ್ಕೆ ಕನ್ನಡದ ಪತ್ರ ಕಾಣಿಸದಂತಾಯಿತು. ಸಂಕೇತವನ್ನು ಬಿಡಿಸಿ ಓದಬಲ್ಲ ತಂತ್ರಾಂಶವೇ ಬೇಕಾಯಿತು.

ಪತ್ರಗಳ ಸಂಖ್ಯೆ ಬೆಳೆದಂತೆ ಪದಸೂಚಿ ಅನಿವಾರ್ಯವಾಯಿತು. 2004ರ ಏಪ್ರಿಲಿನಲ್ಲಿ ಆರಂಭವಾದ ಜಿಮೇಲ್, ಪತ್ರಗಳನ್ನು ವಿಂಗಡಿಸುವುದಕ್ಕಿಂತ ಹುಡುಕುವುದೇ ಮೇಲೆಂಬ ಭಾವನೆಯನ್ನು ಹರಡಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯು ಔಟ್‌ಲುಕ್ ಪತ್ರಗಳನ್ನು ಹುಡುಕುವ ಲುಕ್‌ಔಟ್ ಎಂಬ ಉಪಕರಣದ ಕಂಪನಿಯನ್ನು ಕೊಂಡಿತು. ಆಪಲ್ ಗಣಕಗಳಿಗೆ 2005ರಲ್ಲಿ ಸ್ಪಾಟ್‌ಲೈಟ್ ಬಂದಿತು. ಔಟ್‌ಲುಕ್ 2007 ತನ್ನ ಹುಡುಕಾಟವನ್ನು ವಿಂಡೋಸಿನ ಸಾರ್ವತ್ರಿಕ ಸೂಚಿಗೆ ಒಪ್ಪಿಸಿತು. 2009ರ ಡಿಸೆಂಬರಿನಲ್ಲಿ ಹೊರಬಂದ ಥಂಡರ್‌ಬರ್ಡ್ 3 ತನ್ನದೇ ಆದ ಸೂಚಿಯನ್ನು ಒಂದು ಎಸ್‌ಕ್ಯೂಲೈಟ್ ದತ್ತಕಡತದಲ್ಲಿ ಕಟ್ಟಿಕೊಂಡಿತು. ಹೀಗೆ ಐದಾರು ವರ್ಷಗಳ ಅವಧಿಯಲ್ಲಿ ಓದುಗನು ಪತ್ರಗಳನ್ನು ಹುಡುಕುವುದನ್ನು ಬಿಟ್ಟು ಪತ್ರಗಳ ಸೂಚಿಯನ್ನು ಹುಡುಕುವವನಾದನು. ವೇಗವು ಲಭಿಸಿತು, ಆದರೆ ಸೂಚಿಯ ದೋಷವು ಮೂಲದ ಅಭಾವದಂತೆ ತೋರುವ ಭ್ರಮೆಯೂ ಜೊತೆಗೆ ಬಂದಿತು.

ಶೂನ್ಯ ಫಲಿತಾಂಶಕ್ಕೆ ಕಾರಣಗಳನ್ನು ನಾಲ್ಕಾಗಿ ವಿಭಾಗಿಸಬಹುದು. ಮೊದಲನೆಯದಾಗಿ, ಹುಡುಕಾಟದ ಕ್ಷೇತ್ರವು ಸಂಕುಚಿತವಾಗಿರಬಹುದು: ಒಂದೇ ಫೋಲ್ಡರಿನಲ್ಲಿ ಹುಡುಕಿ ಎಲ್ಲೆಡೆಯೂ ಹುಡುಕಿದೆವೆಂದು ಭಾವಿಸುವುದು. ಎರಡನೆಯದಾಗಿ, ಸೂಚಿಯ ರಚನೆ ಪೂರ್ತಿಯಾಗಿರದಿರಬಹುದು, ಅಥವಾ ಗಣಕವು ಅಕಸ್ಮಾತ್ತಾಗಿ ನಿಂತುದರಿಂದ ಅದು ಕೆಟ್ಟಿರಬಹುದು. ಮೂರನೆಯದಾಗಿ, ಐಮ್ಯಾಪ್ ಪದ್ಧತಿಯಲ್ಲಿ ಪತ್ರದ ಶಿರೋಭಾಗ ಮಾತ್ರ ನಮ್ಮ ಗಣಕಕ್ಕೆ ಬಂದು ಒಡಲು ದೂರದ ಸರ್ವರ್‌ನಲ್ಲಿಯೇ ಉಳಿದಿರಬಹುದು. ಇಲ್ಲದ ಒಡಲಿಗೆ ಸೂಚಿಯೆಲ್ಲಿಯದು? ನಾಲ್ಕನೆಯದು ಭಾಷೆಗೆ ಸಂಬಂಧಿಸಿದ್ದು; ಅದನ್ನು ಮುಂದೆ ಪ್ರತ್ಯೇಕವಾಗಿ ಪರಿಶೀಲಿಸುವೆವು.

ಪರಿಹಾರದಲ್ಲಿಯೂ ಇದೇ ಕ್ರಮವನ್ನು ಅನುಸರಿಸುವುದು ಯುಕ್ತ. ಕ್ಷೇತ್ರವನ್ನು ಎಲ್ಲ ಪತ್ರಪೆಟ್ಟಿಗೆಗಳಿಗೂ ವಿಸ್ತರಿಸಿ ನೋಡಬೇಕು. ಪತ್ರಗಳು ಪಿಎಸ್‌ಟಿ ಕಡತದಲ್ಲಿರುವ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ, ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಇಂಡೆಕ್ಸಿಂಗ್ ಆಪ್ಷನ್ಸ್ ಎಂಬುದನ್ನು ತೆರೆದು, ಸೂಚಿಗೆ ಸೇರಿದ ಸ್ಥಾನಗಳಲ್ಲಿ ಔಟ್‌ಲುಕ್‌ನ ಹೆಸರಿದೆಯೇ, ಕೆಲಸ ಮುಗಿದಿದೆಯೇ ಎಂದು ಪರೀಕ್ಷಿಸಬೇಕು. ವಿಂಡೋಸ್ ಸರ್ಚ್ ಎಂಬ ಸೇವೆ ನಡೆಯುತ್ತಿರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಎಲ್ಲವೂ ಸರಿಯಿದ್ದು ಫಲವಿಲ್ಲವಾದರೆ ಅಡ್ವಾನ್ಸ್‌ಡ್ ವಿಭಾಗದ ರೀಬಿಲ್ಡ್ ಗುಂಡಿಯನ್ನೊತ್ತಿ ಸೂಚಿಯನ್ನು ಹೊಸದಾಗಿ ಕಟ್ಟಿಸಬೇಕು. ದೊಡ್ಡ ಸಂಗ್ರಹಕ್ಕೆ ಹಲವು ಗಂಟೆಗಳು ಹಿಡಿಯುವುದುಂಟು. ಅಲ್ಲಿಯವರೆಗೆ ಬರುವ ಉತ್ತರ ಅಪೂರ್ಣವೆಂದೇ ಎಣಿಸತಕ್ಕದ್ದು.

ಥಂಡರ್‌ಬರ್ಡ್‌ನಲ್ಲಿ ರೋಗನಿರ್ಣಯಕ್ಕೆ ಒಂದು ಅನುಕೂಲವಿದೆ. ಅದರಲ್ಲಿ ಸೂಚಿಯನ್ನು ನೋಡುವ ಸಾರ್ವತ್ರಿಕ ಹುಡುಕಾಟವೂ, ಫೋಲ್ಡರುಗಳನ್ನೇ ಓದುವ ಸರ್ಚ್ ಮೆಸೇಜಸ್ ಎಂಬ ಹುಡುಕಾಟವೂ ಬೇರೆ ಬೇರೆಯಾಗಿವೆ. ಎರಡನೆಯದರಲ್ಲಿ ದೊರೆತ ಪತ್ರ ಮೊದಲನೆಯದರಲ್ಲಿ ದೊರೆಯದಿದ್ದರೆ ದೋಷವು ಸೂಚಿಯದೆಂದು ತಿಳಿಯಬಹುದು. ಆಗ ತಂತ್ರಾಂಶವನ್ನು ಮುಚ್ಚಿ, ಪ್ರೊಫೈಲ್ ಫೋಲ್ಡರಿನಲ್ಲಿರುವ ಗ್ಲೋಬಲ್-ಮೆಸೇಜಸ್-ಡಿಬಿ ಎಂಬ ಎಸ್‌ಕ್ಯೂಲೈಟ್ ಕಡತವನ್ನು ಅಳಿಸಿ ಮತ್ತೆ ತೆರೆದರೆ ಸೂಚಿಯು ತಾನಾಗಿ ಪುನಃ ರಚಿತವಾಗುತ್ತದೆ. ಒಂದೇ ಫೋಲ್ಡರಿನ ಪಟ್ಟಿ ಕೆಟ್ಟಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿರುವ ರಿಪೇರ್ ಫೋಲ್ಡರ್ ಸಾಕು. ಐಮ್ಯಾಪ್ ಪತ್ರಗಳ ಪ್ರತಿಯನ್ನು ಗಣಕದಲ್ಲಿ ಇರಿಸಿಕೊಳ್ಳುವ ಆಯ್ಕೆಯನ್ನೂ ಗುರುತು ಮಾಡಿರಬೇಕು. ಆಪಲ್ ಮೇಲ್‌ನಲ್ಲಿ ಮೇಲ್‌ಬಾಕ್ಸ್ ಪಟ್ಟಿಯ ರೀಬಿಲ್ಡ್ ಎಂಬುದು ಇಂಥದೇ ಉಪಾಯ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಲಾಗದು: ಅಳಿಸಬಹುದಾದದ್ದು ಸೂಚಿಯನ್ನು, ಮೂಲವನ್ನಲ್ಲ. ಹೆಸರುಗಳ ಸಾಮ್ಯದಿಂದ ಪತ್ರಗಳ ಕಡತವನ್ನೇ ಅಳಿಸಿದರೆ ಆಕರವೇ ನಾಶವಾದೀತು. ಆದುದರಿಂದ ಮೊದಲು ಇಡೀ ಸಂಗ್ರಹದ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡುವುದು ಅವಶ್ಯಕ.

ಕನ್ನಡದ ಪತ್ರಗಳ ವಿಷಯದಲ್ಲಿ ಸೂಚಿಯು ನಿರ್ದುಷ್ಟವಾಗಿದ್ದರೂ ಉತ್ತರ ಶೂನ್ಯವಾಗಬಹುದು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಇರಿಸಿಕೊಂಡಿದ್ದುವು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸರಣಿ. ಇಂದಿನ ಯೂನಿಕೋಡಿನಲ್ಲಿ ಬರೆದು ಹುಡುಕಿದರೆ ಆ ಪತ್ರಗಳು ಎಂದಿಗೂ ದೊರೆಯಲಾರವು; ಅವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರುವುದೊಂದೇ ಸ್ಥಿರವಾದ ಮಾರ್ಗ.

ವ್ಯಾಕರಣವೂ ಇಲ್ಲಿ ತನ್ನ ಪಾಲನ್ನು ಕೇಳುತ್ತದೆ. ಥಂಡರ್‌ಬರ್ಡ್‌ನ ಸೂಚಿಯು ಪದಗಳ ಪ್ರಕೃತಿಯನ್ನು ತೆಗೆಯಲು ಮಾರ್ಟಿನ್ ಪೋರ್ಟರ್ 1980ರಲ್ಲಿ ಇಂಗ್ಲಿಷಿಗೆಂದು ಪ್ರಕಟಿಸಿದ ಕ್ರಮವನ್ನು ಆಧರಿಸಿದೆ. ನಮ್ಮ ವಿಭಕ್ತಿಪ್ರತ್ಯಯಗಳ ಪರಿಚಯ ಅದಕ್ಕಿಲ್ಲ. ‘ಮೈಸೂರು’ ಎಂದು ಹುಡುಕಿದವನಿಗೆ ‘ಮೈಸೂರಿನಲ್ಲಿ’ ಎಂದಿರುವ ಪತ್ರ ಸಿಕ್ಕದಿರುವುದು ಸಹಜವೇ; ಕೊನೆಯ ಸ್ವರವೇ ಬದಲಾಗಿದೆ. ಒಂದು ಪದದ ಹಲವು ರೂಪಗಳನ್ನು ಬರೆದು ಹುಡುಕುವುದೂ, ಪದದ ಭಾಗವನ್ನು ಒಪ್ಪುವ ಹುಡುಕಾಟವಿದ್ದಲ್ಲಿ ‘ಮೈಸೂರ’ ಎಂದಷ್ಟೇ ಬರೆಯುವುದೂ ಮೇಲು.

ಈ ವಿವೇಚನೆಯಿಂದ ಸಂಶೋಧಕರು ಪಾಲಿಸಬೇಕಾದ ಒಂದು ನಿಯಮ ಸಿದ್ಧಿಸುತ್ತದೆ. ಸಂಗ್ರಹದಲ್ಲಿ ಇದೆಯೆಂದು ನಿಶ್ಚಯವಾಗಿ ಬಲ್ಲ, ಬೇರೆ ಬೇರೆ ವರ್ಷಗಳ ಕೆಲವು ಪತ್ರಗಳನ್ನು ಮೊದಲು ಹುಡುಕಿ ನೋಡಬೇಕು. ಅವು ದೊರೆತ ಮೇಲೆಯೇ ದೊರೆಯದುದರ ಬಗ್ಗೆ ಮಾತನಾಡುವ ಅಧಿಕಾರ ನಮಗೆ ಬರುತ್ತದೆ. ಪ್ರಬಂಧದಲ್ಲಿ ಪತ್ರವಿಲ್ಲವೆಂದು ಬರೆಯುವಾಗ ಯಾವ ಪದದಿಂದ, ಯಾವ ಲಿಪಿಸಂಕೇತದಲ್ಲಿ, ಯಾವ ಕ್ಷೇತ್ರದಲ್ಲಿ ಹುಡುಕಿದುದೆಂಬುದನ್ನೂ ತಿಳಿಸಬೇಕು. ಸೂಚಿಯ ಮೌನವನ್ನು ಆಕರದ ಮೌನವೆಂದು ಗ್ರಹಿಸದಿರುವುದೇ ಈ ಹೊಸ ಆಕರಸಾಮಗ್ರಿಯ ವಿಮರ್ಶೆಯಲ್ಲಿ ಮೊದಲ ಪಾಠ.